ಬೇಳೆ ಬೇಗ ಬೇಯಿಸೋ ಬೋರ್ ನೀರು ಒಳ್ಳೆಯ ನೀರೇ? ನೀರಿನ ರಿಪೋರ್ಟ್ ಓದೋದು ಕಲಿಯೋಣ

"ನಿಮ್ಮ ಬೋರ್ ನೀರು ಹೇಗಿದೆ?" ಅಂತ ಬಯಲುಸೀಮೆಯ ಯಾವ ರೈತರನ್ನು ಕೇಳಿದರೂ ನನಗೆ ಸಿಗೋ ಉತ್ತರ ಹೆಚ್ಚುಕಮ್ಮಿ ಒಂದೇ. "ಸಿಹಿ ನೀರು ಸಾರ್. ಸೋಪು ಚೆನ್ನಾಗಿ ನೊರೆ ಬರುತ್ತೆ, ಬೇಳೆ ಎರಡೇ ವಿಷಲ್‌ಗೆ ಬೇಯುತ್ತೆ." ಇನ್ನು ಕೆಲವರು ಜೇಬಿನಿಂದ ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆದು ತೋರಿಸ್ತಾರೆ. "ನೋಡಿ, 500 ಚಿಲ್ಲರೆ ಅಷ್ಟೇ. ಇನ್ನೇನು ಬೇಕು?"

ನಾಲಿಗೆ, ಸೋಪು, ಬೇಳೆ, ಟಿಡಿಎಸ್ ಪೆನ್ನು. ಈ ನಾಲ್ಕೂ ಸೇರಿ "ಒಳ್ಳೆ ನೀರು" ಅಂತ ಸರ್ಟಿಫಿಕೇಟ್ ಕೊಟ್ಟ ನೀರೇ ಮಕ್ಕಳ ಹಲ್ಲು ಹಾಳು ಮಾಡಬಹುದು, ಹೊಲದ ಮಣ್ಣನ್ನೂ ಕಲ್ಲಾಗಿಸಬಹುದು. ಹಾಗೆಯೇ "ಗಡಸು ನೀರು, ಬಾಯಿಗೆ ಸೇರಲ್ಲ" ಅಂತ ನಾವು ದೂರ ಇಟ್ಟ ಬಾವಿಯ ನೀರು ಬೆಳೆಗೆ ಚೆನ್ನಾಗಿಯೇ ಆಗಬಹುದು.

ಕುಡಿಯೋಕೆ ಆಗುತ್ತಾ ಅನ್ನೋದು ಒಂದು ಪ್ರಶ್ನೆ. ಬೆಳೆಗೆ ಆಗುತ್ತಾ ಅನ್ನೋದು ಬೇರೆಯೇ ಪ್ರಶ್ನೆ. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ನಡೆಯಲ್ಲ. ಎರಡಕ್ಕೂ ಉತ್ತರ ಕೊಡೋದು ಲ್ಯಾಬ್ ರಿಪೋರ್ಟ್ ಮಾತ್ರ. ಆ ರಿಪೋರ್ಟ್ ಓದೋಕೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಈ ವಾರ ಅದನ್ನೇ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಟಿಡಿಎಸ್ ಪೆನ್ನು ಏನು ಹೇಳುತ್ತೆ, ಏನು ಹೇಳಲ್ಲ

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರೋ ಎಲ್ಲ ಲವಣಗಳ ಒಟ್ಟು ಮೊತ್ತ. ಪೆನ್ನು ಆ ಲವಣಗಳನ್ನು ನೇರವಾಗಿ ತೂಗೋದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೆದು, ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತೆ. ಹೀಗೆ ವಿದ್ಯುತ್ ಹರಿಯೋ ಗುಣಕ್ಕೆ ಲ್ಯಾಬ್‌ನವರು ವಿದ್ಯುತ್ ವಾಹಕತೆ ಅಥವಾ ಇಸಿ ಅಂತಾರೆ. ಬಹಳಷ್ಟು ಪೆನ್ನುಗಳು ಇಸಿಯ ಅರ್ಧವನ್ನು ತೋರಿಸುತ್ತವೆ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ 0.64ರಿಂದ ಗುಣಿಸ್ತಾರೆ. ಹಾಗಾಗಿ ಪೆನ್ನಿನಲ್ಲಿ 550 ಬಂದ ನೀರಿಗೆ ಲ್ಯಾಬ್‌ನಲ್ಲಿ 700 ಬಂದರೆ ಗಾಬರಿ ಬೇಡ, ನೀರು ಅದೇ.

ಪೆನ್ನು ಹೇಳೋದು ಮೂಟೆಯ ತೂಕ ಮಾತ್ರ. ಮೂಟೆಯೊಳಗೆ ರಾಗಿ ಇದೆಯೋ ಕಲ್ಲು ಇದೆಯೋ ಅದಕ್ಕೆ ಗೊತ್ತಿಲ್ಲ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇದ್ದರೆ ತೊಂದರೆ ಇಲ್ಲ, 3 ಮಿಲಿಗ್ರಾಂ ಇದ್ದರೆ ಅಪಾಯ. ಆದರೆ 700ರ ಟಿಡಿಎಸ್‌ನಲ್ಲಿ ಆ 2 ಮಿಲಿಗ್ರಾಂ ವ್ಯತ್ಯಾಸ ಪೆನ್ನಿಗೆ ಕಾಣೋದೇ ಇಲ್ಲ. ಆರ್‌ಒ ಮಾರೋಕೆ ಬಂದವರು ಪೆನ್ನು ಅದ್ದಿ ತೋರಿಸಿದಾಗ ಈ ಮಾತು ನೆನಪಿರಲಿ.

ಎರಡು ನೀರು, ಎರಡು ರಿಪೋರ್ಟ್

ಲೆಕ್ಕ ಕಲಿಯೋಕೆ ನಾನು ಎರಡು ಮಾದರಿ ರಿಪೋರ್ಟ್ ಇಟ್ಟುಕೊಳ್ತೀನಿ. ಇವು ಯಾವುದೋ ಒಂದು ಊರಿನ ಅಂಕಿ ಅಲ್ಲ, ಉದಾಹರಣೆಗೆ ಅಂತ ಹೊಂದಿಸಿದ್ದು. ಆದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗದ ಕಡೆಯ ಗಟ್ಟಿ ಬಂಡೆ ಪ್ರದೇಶದಲ್ಲಿ ಇಂಥ ನೀರು ಸಿಗೋದು ಅಪರೂಪವೇನಲ್ಲ. ಎಲ್ಲ ಅಂಕಿಗಳೂ ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಓದಿಕೊಳ್ಳಿ.

ಮೊದಲನೆಯದು, ಆಳದ ಬೋರ್:
- ಪಿಎಚ್ 8.2
- ಇಸಿ 1100 ಮೈಕ್ರೋಸೀಮೆನ್ಸ್, ಅಂದರೆ 1.1 ಡೆಸಿಸೀಮೆನ್ಸ್
- ಟಿಡಿಎಸ್ ಸುಮಾರು 700
- ಒಟ್ಟು ಗಡಸುತನ 125
- ಒಟ್ಟು ಕ್ಷಾರತೆ 350
- ಸೋಡಿಯಂ 196
- ನೈಟ್ರೇಟ್ 6
- ಫ್ಲೋರೈಡ್ 2.3

ಎರಡನೆಯದು, ಊರ ಪಕ್ಕದ ತೆರೆದ ಬಾವಿ:
- ಪಿಎಚ್ 7.4
- ಇಸಿ 1600 ಮೈಕ್ರೋಸೀಮೆನ್ಸ್, ಅಂದರೆ 1.6 ಡೆಸಿಸೀಮೆನ್ಸ್
- ಟಿಡಿಎಸ್ ಸುಮಾರು 1000
- ಒಟ್ಟು ಗಡಸುತನ 545
- ಒಟ್ಟು ಕ್ಷಾರತೆ 300
- ಸೋಡಿಯಂ 117
- ನೈಟ್ರೇಟ್ 124
- ಫ್ಲೋರೈಡ್ 0.7

ಬೋರ್ ನೀರು ಮೆದು, ಸೋಪು ನೊರೆ ಬರುತ್ತೆ. ಬಾವಿ ನೀರು ಗಡಸು, ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತೆ. ಯಾವುದು ಬೇಕು ಅಂತ ಕೇಳಿದರೆ ಮನೆಯವರೆಲ್ಲ ಬೋರ್ ಕಡೆ ಕೈ ತೋರಿಸ್ತಾರೆ. ಈಗ ಲೆಕ್ಕ ಮಾಡೋಣ.

ಮೊದಲ ಪ್ರಶ್ನೆ: ಕುಡಿಯೋಕೆ ಆಗುತ್ತಾ?

ಕುಡಿಯೋ ನೀರಿಗೆ ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಅನ್ನೋ ಮಾನದಂಡ ಇದೆ. 2012ರಲ್ಲಿ ಅದನ್ನು ಪರಿಷ್ಕರಿಸಿದರು. ಹೆಚ್ಚಿನ ಅಂಶಗಳಿಗೆ ಅದರಲ್ಲಿ ಎರಡು ಮಿತಿ ಇರುತ್ತೆ. ಮೊದಲನೆಯದು ಇರಬೇಕಾದ ಮಿತಿ. ಎರಡನೆಯದು, ಬೇರೆ ನೀರಿನ ಮೂಲ ಇಲ್ಲವೇ ಇಲ್ಲ ಅಂದಾಗ ಸಹಿಸಿಕೊಳ್ಳಬಹುದಾದ ಗರಿಷ್ಠ ಮಿತಿ.

- ಟಿಡಿಎಸ್: 500, ಗರಿಷ್ಠ 2000
- ಗಡಸುತನ: 200, ಗರಿಷ್ಠ 600
- ಕ್ಲೋರೈಡ್: 250, ಗರಿಷ್ಠ 1000
- ಫ್ಲೋರೈಡ್: 1.0, ಗರಿಷ್ಠ 1.5
- ನೈಟ್ರೇಟ್: 45, ಇದಕ್ಕೆ ರಿಯಾಯಿತಿ ಇಲ್ಲ
- ಪಿಎಚ್: 6.5ರಿಂದ 8.5, ಇದಕ್ಕೂ ರಿಯಾಯಿತಿ ಇಲ್ಲ
- ಇ-ಕೋಲೈ ಬ್ಯಾಕ್ಟೀರಿಯಾ: 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು

ಈ ಪಟ್ಟಿ ಹಿಡಿದು ಬೋರ್ ನೀರು ನೋಡಿ. ಪಿಎಚ್, ಗಡಸುತನ, ನೈಟ್ರೇಟ್ ಎಲ್ಲ ಪಾಸ್. ಟಿಡಿಎಸ್ ಕೂಡ ಗರಿಷ್ಠ ಮಿತಿಯ ಒಳಗೇ ಇದೆ. ಫೇಲ್ ಆಗಿರೋದು ಒಂದೇ ಒಂದು, ಫ್ಲೋರೈಡ್. ಆದರೆ ಆ ಒಂದೇ ಸಾಕು. ಹಲ್ಲು ಬೆಳೆಯೋ ವಯಸ್ಸಿನ ಮಕ್ಕಳು, ಅಂದರೆ ಸುಮಾರು ಎಂಟು ವರ್ಷದ ಒಳಗಿನವರು ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಬೀಳುತ್ತೆ. ಅದು ಉಜ್ಜಿದರೆ ಹೋಗೋ ಕಲೆ ಅಲ್ಲ. ಹೆಚ್ಚು ಫ್ಲೋರೈಡ್ ಇರೋ ನೀರನ್ನು ಹತ್ತಾರು ವರ್ಷ ಕುಡಿದ ದೊಡ್ಡವರಿಗೆ ಬೆನ್ನು, ಕತ್ತು, ಮಂಡಿ ಬಿಗಿಯುತ್ತೆ. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ವರದಿಯಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅಂದರೆ ಇದು ಹೊಸ ಕಾಯಿಲೆ ಅಲ್ಲ. ಬೋರ್ ಆಳಕ್ಕೆ ಇಳಿದಂತೆ ನಮ್ಮ ಬಯಲುಸೀಮೆಯ ಬಹಳಷ್ಟು ಮನೆಗಳಿಗೆ ಹತ್ತಿರ ಬಂದಿದೆ, ಅಷ್ಟೇ.

ಇನ್ನು ಬಾವಿ ನೀರು. ಫ್ಲೋರೈಡ್ ಪಾಸ್. ಗಡಸುತನ ಗರಿಷ್ಠ ಮಿತಿಯ ಒಳಗಿದೆ. ಆದರೆ ನೈಟ್ರೇಟ್ 124, ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ತಿಪ್ಪೆಗುಂಡಿ, ಶೌಚಾಲಯದ ಗುಂಡಿ, ದನದ ಕೊಟ್ಟಿಗೆ, ಹೊಲಕ್ಕೆ ಹಾಕಿದ ಯೂರಿಯಾ, ಇವೆಲ್ಲದರಿಂದ ನೈಟ್ರೇಟ್ ಬಾವಿಗೆ ಇಳಿಯುತ್ತೆ. ಇದರಿಂದ ಹೆಚ್ಚು ಅಪಾಯ ಆರು ತಿಂಗಳ ಒಳಗಿನ ಹಸುಗೂಸಿಗೆ. ಬಾಟ್ಲಿ ಹಾಲಿಗೆ ಈ ನೀರು ಬೆರೆಸಿದರೆ ಮಗುವಿನ ರಕ್ತ ಆಮ್ಲಜನಕ ಹೊರೋ ಶಕ್ತಿ ಕಳೆದುಕೊಳ್ಳುತ್ತೆ, ಮೈ ನೀಲಿ ತಿರುಗುತ್ತೆ. ನೈಟ್ರೇಟ್ ಹೆಚ್ಚಿರೋ ಕಡೆ ಕೊಳಕು ನೀರೂ ಸೇರ್ತಾ ಇರಬಹುದು, ಹಾಗಾಗಿ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಲೇಬೇಕು.

"ಕುದಿಸಿ ಕುಡಿದ್ರೆ ಸರಿ ಹೋಗಲ್ವಾ?" ಅಂತ ಕೇಳೋರು ಬಹಳ ಜನ. ಕುದಿಸಿದರೆ ರೋಗಾಣು ಸಾಯುತ್ತೆ. ಫ್ಲೋರೈಡ್, ನೈಟ್ರೇಟ್ ಎರಡೂ ಹೋಗಲ್ಲ. ನೀರು ಆವಿಯಾಗಿ ಕಮ್ಮಿ ಆದಷ್ಟೂ ಉಳಿದ ನೀರಿನಲ್ಲಿ ಅವು ಇನ್ನೂ ಗಟ್ಟಿ ಆಗುತ್ತವೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ, ಸಾದಾ ಕ್ಯಾಂಡಲ್ ಫಿಲ್ಟರ್‌ನಲ್ಲೂ ಹೋಗಲ್ಲ.

ಎರಡನೇ ಪ್ರಶ್ನೆ: ಬೆಳೆಗೆ ಆಗುತ್ತಾ?

ಬೆಳೆಗೆ ಫ್ಲೋರೈಡ್ ಅಷ್ಟು ಮುಖ್ಯ ಅಲ್ಲ. ಅಲ್ಲಿ ಮುಖ್ಯವಾಗಿ ಎರಡು ವಿಷಯ ನೋಡಬೇಕು. ನೀರಿನಲ್ಲಿ ಒಟ್ಟು ಉಪ್ಪು ಎಷ್ಟಿದೆ? ಆ ಉಪ್ಪು ಯಾವ ಜಾತಿಯದು?

ಒಟ್ಟು ಉಪ್ಪಿಗೆ ಇಸಿ ನೋಡಿ. ಅಮೆರಿಕದ ಲವಣತೆ ಪ್ರಯೋಗಾಲಯ 1954ರಲ್ಲಿ ಕೊಟ್ಟ ವಿಂಗಡಣೆಯನ್ನೇ ನಮ್ಮ ಲ್ಯಾಬ್‌ಗಳು ಇವತ್ತಿಗೂ ಹೆಚ್ಚಾಗಿ ಬಳಸ್ತವೆ. 0.25 ಡೆಸಿಸೀಮೆನ್ಸ್ ಒಳಗೆ ಇದ್ದರೆ ಕಡಿಮೆ ಉಪ್ಪು, 0.75ರವರೆಗೆ ಮಧ್ಯಮ, 2.25ರವರೆಗೆ ಹೆಚ್ಚು, ಅದಕ್ಕೂ ಮೇಲೆ ತೀರಾ ಹೆಚ್ಚು. ಆದರೆ ಎಲ್ಲ ಬೆಳೆಯೂ ಒಂದೇ ತರ ಉಪ್ಪು ತಡೆಯಲ್ಲ. ಇಳುವರಿ ಕುಸಿಯೋಕೆ ಶುರುವಾಗೋ ಇಸಿ ಮಟ್ಟ ಬೆಳೆಯಿಂದ ಬೆಳೆಗೆ ಬದಲಾಗುತ್ತೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಟ್ಟಿರೋ ಅಂಕಿ ಇವು:

- ಬೀನ್ಸ್, ಕ್ಯಾರೆಟ್: 0.7
- ಈರುಳ್ಳಿ: 0.8
- ದ್ರಾಕ್ಷಿ, ದೊಣ್ಣೆ ಮೆಣಸಿನಕಾಯಿ: 1.0
- ಮೆಕ್ಕೆಜೋಳ, ಆಲೂಗಡ್ಡೆ, ಕಬ್ಬು: 1.1
- ಎಲೆಕೋಸು: 1.2
- ಟೊಮೆಟೊ: 1.7
- ಭತ್ತ: 2.0
- ಶೇಂಗಾ: 2.1
- ಜೋಳ: 4.5
- ಹತ್ತಿ: 5.1

ನೀರು ಬಸಿದು ಹೋಗೋ ಮಣ್ಣಿಗೆ ಈ ಅಂಕಿ. ನೀರು ನಿಲ್ಲೋ ಜಾಗದಲ್ಲಿ ಉಪ್ಪು ಬೇರಿನ ಹತ್ತಿರವೇ ಕೂರುತ್ತೆ, ಅಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ಬಾವಿ ನೀರಿನ ಇಸಿ 1.6. ಇದರಲ್ಲಿ ಟೊಮೆಟೊ, ಶೇಂಗಾ ಬೆಳೆಯಬಹುದು. ಅದೇ ನೀರಿಗೆ ಈರುಳ್ಳಿ ಹಾಕಿದರೆ ಇಳುವರಿಯಲ್ಲಿ ಸುಮಾರು ಐದನೇ ಒಂದು ಭಾಗ, ಬೀನ್ಸ್ ಹಾಕಿದರೆ ಕಾಲು ಭಾಗಕ್ಕಿಂತ ಹೆಚ್ಚು ಕಳೆದುಕೊಳ್ಳೋ ಲೆಕ್ಕ ಬರುತ್ತೆ. ರೋಗವೂ ಕಾಣಲ್ಲ, ಹುಳವೂ ಕಾಣಲ್ಲ, ಗಡ್ಡೆ ಮಾತ್ರ ಸಣ್ಣ.

ಕ್ಷಾರತೆಯಿಂದ ಗಡಸುತನ ಕಳೆಯಿರಿ

ಈಗ ಉಪ್ಪಿನ ಜಾತಿ. ಬೆಳೆಯ ನೀರಿಗೆ ಲ್ಯಾಬ್‌ನವರು ಆರ್‌ಎಸ್‌ಸಿ ಅನ್ನೋ ಒಂದು ಅಂಕಿ ಕೊಡ್ತಾರೆ. ಕನ್ನಡದಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ ಅನ್ನಬಹುದು. ನೀರಿನಲ್ಲಿರೋ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳು ಮೊದಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಜೋಡಿಯಾಗಿ ಸುಣ್ಣವಾಗಿ ಕೂರುತ್ತವೆ ಅಂದುಕೊಳ್ಳಿ. ಅವೆರಡೂ ಮುಗಿದ ಮೇಲೂ ಬೈಕಾರ್ಬೊನೇಟ್ ಉಳಿದರೆ ಅದಕ್ಕೆ ಸಿಗೋ ಜೋಡಿ ಸೋಡಿಯಂ. ಸೋಡಿಯಂ ಬೈಕಾರ್ಬೊನೇಟ್ ಅಂದರೆ ಬೇರೇನಲ್ಲ, ನಮ್ಮ ಅಡುಗೆ ಸೋಡಾ!

ಬೇಳೆ ಯಾಕೆ ಬೇಗ ಬೇಯುತ್ತೆ ಅಂತ ಈಗ ಗೊತ್ತಾಯ್ತಲ್ಲ. ಹೋಟೆಲಿನವರು ಕಾಳು ಬೇಯಿಸೋವಾಗ ಒಂದು ಚಿಟಿಕೆ ಸೋಡಾ ಹಾಕ್ತಾರೆ. ನಿಮ್ಮ ಬೋರ್ ಅದನ್ನು ಪುಕ್ಕಟೆ ಹಾಕಿ ಕೊಡ್ತಾ ಇದೆ.

ಈ ಆರ್‌ಎಸ್‌ಸಿ ಕಂಡುಹಿಡಿಯೋಕೆ ಒಂದು ಸುಲಭ ದಾರಿ ಇದೆ. ಕುಡಿಯೋ ನೀರಿನ ರಿಪೋರ್ಟ್‌ನಲ್ಲೂ ಒಟ್ಟು ಕ್ಷಾರತೆ, ಒಟ್ಟು ಗಡಸುತನ ಎರಡೂ ಸಾಮಾನ್ಯವಾಗಿ ಇರುತ್ತವೆ. ಎರಡನ್ನೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಮಿಲಿಗ್ರಾಂನಲ್ಲಿ ಬರೆದಿರ್ತಾರೆ. ಕ್ಷಾರತೆಯಿಂದ ಗಡಸುತನ ಕಳೆದು, ಬಂದದ್ದನ್ನು 50ರಿಂದ ಭಾಗಿಸಿ. ಅಷ್ಟೇ.

ಬೋರ್ ನೀರು: 350ರಲ್ಲಿ 125 ಕಳೆದರೆ 225. ಅದನ್ನು 50ರಿಂದ ಭಾಗಿಸಿದರೆ 4.5.
ಬಾವಿ ನೀರು: 300ರಲ್ಲಿ 545 ಕಳೆದರೆ ಸೊನ್ನೆಗಿಂತ ಕೆಳಗೆ. ಅಂದರೆ ಆರ್‌ಎಸ್‌ಸಿ ಇಲ್ಲವೇ ಇಲ್ಲ.

1.25ರ ಒಳಗಿದ್ದರೆ ಒಳ್ಳೆಯ ನೀರು. 1.25ರಿಂದ 2.5ರವರೆಗೆ ಹುಷಾರಾಗಿ ಬಳಸಬೇಕಾದ ನೀರು. 2.5 ದಾಟಿದರೆ ಹಾಗೇ ಹಾಯಿಸೋಕೆ ಯೋಗ್ಯ ಅಲ್ಲ. ನಮ್ಮ "ಸಿಹಿ" ಬೋರ್ ನೀರು 4.5ರಲ್ಲಿ ನಿಂತಿದೆ.

ಇದನ್ನು ಕೆಜಿ ಲೆಕ್ಕದಲ್ಲಿ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1.03 ಲಕ್ಷ ಲೀಟರ್. ಸೆಕೆಂಡಿಗೆ 2 ಲೀಟರ್ ಬರೋ ಬೋರ್ 14 ಗಂಟೆ ಓಡಿದರೆ ಅಷ್ಟು ನೀರು. ಆರ್‌ಎಸ್‌ಸಿ 4.5 ಇರೋ ನೀರು ಇಷ್ಟು ಹಾಯಿಸಿದರೆ, ಸುಮಾರು 39 ಕೆಜಿ ಅಡುಗೆ ಸೋಡಾವನ್ನು ಆ ಎಕರೆಗೆ ಎರಚಿದ ಹಾಗೆ. ಒಂದು ಬೆಳೆಗೆ ಹತ್ತು ಸಲ ಹಾಯಿಸಿದರೆ ಎಷ್ಟಾಯ್ತು ಅಂತ ನೀವೇ ನೋಡಿ.

ಸೋಡಿಯಂ ಹೆಚ್ಚಾದ ಮಣ್ಣು ತನ್ನ ಹುಡಿಹುಡಿ ಗುಣ ಕಳೆದುಕೊಳ್ಳುತ್ತೆ. ಒದ್ದೆ ಇದ್ದಾಗ ಅಂಟು, ಒಣಗಿದರೆ ಕಲ್ಲು. ಮೇಲೆ ಹೆಪ್ಪುಗಟ್ಟಿ ನೀರು ಇಂಗಲ್ಲ, ಮೊಳಕೆ ಮೇಲೆ ಬರಲ್ಲ. ಮಣ್ಣಿನ ಪಿಎಚ್ ಏರಿ ಸತು, ಕಬ್ಬಿಣ ಬೇರಿಗೆ ಸಿಗಲ್ಲ. ಶೇಂಗಾ, ಹಿಪ್ಪುನೇರಳೆಯ ಎಳೆ ಎಲೆ ಹಳದಿ ಆಗುತ್ತೆ, ನಾವು ಸಾರಜನಕ ಕಮ್ಮಿ ಅಂತ ಯೂರಿಯಾ ಹಾಕ್ತೀವಿ. ಕಪ್ಪು ಮಣ್ಣಿನಲ್ಲಿ ಈ ತೊಂದರೆ ಬೇಗ ಕಾಣುತ್ತೆ. ಕೆಂಪು ಮರಳು ಮಿಶ್ರಿತ ಮಣ್ಣು ಸ್ವಲ್ಪ ಹೆಚ್ಚು ದಿನ ತಡೆಯುತ್ತೆ, ಅಷ್ಟೇ ವ್ಯತ್ಯಾಸ.

ಬೆಳೆ ರಿಪೋರ್ಟ್‌ನಲ್ಲಿ ಎಸ್‌ಎಆರ್ ಅಂತಲೂ ಒಂದು ಅಂಕಿ ಇರುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟು ಅನ್ನೋ ಅಳತೆ ಅದು. 10ರ ಒಳಗಿದ್ದರೆ "ಕಡಿಮೆ" ಅಂತ ಬರೀತಾರೆ. ನಮ್ಮ ಬೋರ್ ನೀರಿಗೆ ಅದು 7.6 ಬರುತ್ತೆ, ಪಾಸ್! ಹಾಗಾಗಿ ಎಸ್‌ಎಆರ್ ಒಂದನ್ನೇ ನೋಡಿ ಸಮಾಧಾನ ಆಗಬೇಡಿ. ಆರ್‌ಎಸ್‌ಸಿಯನ್ನೂ ನೋಡಿ.

ಹಲ್ಲಿಗೂ ಹೊಲಕ್ಕೂ ಬೇರು ಒಂದೇ

ಒಂದೇ ಬೋರ್‌ನಲ್ಲಿ ಫ್ಲೋರೈಡ್ ಮತ್ತು ಆರ್‌ಎಸ್‌ಸಿ ಎರಡೂ ಹೆಚ್ಚಿರೋದು ಬರೀ ಕಾಕತಾಳೀಯ ಅಲ್ಲ. ಗ್ರಾನೈಟ್ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ. ನೀರು ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ನಿಂತಷ್ಟೂ ಅದು ಕರಗುತ್ತೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತೆ, ಒಂದು ಮಿತಿ ದಾಟೋಕೆ ಬಿಡಲ್ಲ. ಕ್ಯಾಲ್ಸಿಯಂ ಖಾಲಿಯಾಗಿ ಸೋಡಿಯಂ, ಬೈಕಾರ್ಬೊನೇಟ್ ತುಂಬಿದ ಮೆದು ನೀರಿನಲ್ಲಿ ಆ ಹಿಡಿತ ಇರಲ್ಲ, ಫ್ಲೋರೈಡ್ ಏರುತ್ತಾ ಹೋಗುತ್ತೆ.

ಹಾಗಾಗಿ ಬಂಡೆ ಪ್ರದೇಶದ ಆಳದ ಬೋರ್ ರಿಪೋರ್ಟ್‌ನಲ್ಲಿ ಕ್ಷಾರತೆ ಗಡಸುತನಕ್ಕಿಂತ ಬಹಳ ಹೆಚ್ಚಿದ್ದರೆ, ನಾನು ತಕ್ಷಣ "ಫ್ಲೋರೈಡ್ ಎಷ್ಟು ಬಂದಿದೆ?" ಅಂತ ಕೇಳ್ತೀನಿ. ಪ್ರತಿ ಸಲವೂ ಹೆಚ್ಚೇ ಇರುತ್ತೆ ಅಂತಲ್ಲ, ಆದರೆ ಅನುಮಾನ ಪಡಲೇಬೇಕು. ಪೂರ್ವ ಕರ್ನಾಟಕದ ಗ್ರಾನೈಟ್ ಪ್ರದೇಶದ ಕೆಲವು ಕಡೆ ನೀರಿನಲ್ಲಿ ಯುರೇನಿಯಂ ಕೂಡ ಮಿತಿ ಮೀರಿ ಕಂಡುಬಂದಿದೆ. ಅದಕ್ಕೆ ಮಿತಿ ಲೀಟರಿಗೆ 0.03 ಮಿಲಿಗ್ರಾಂ. ಇದು ಎಲ್ಲ ಲ್ಯಾಬ್‌ನಲ್ಲೂ ಆಗೋ ಪರೀಕ್ಷೆ ಅಲ್ಲ. ಬಂಡೆ ಪ್ರದೇಶದ ಆಳದ ಬೋರ್ ನೀರನ್ನೇ ಕುಡಿಯೋರು ಜಿಲ್ಲಾ ಲ್ಯಾಬ್‌ನಲ್ಲಿ ಒಮ್ಮೆ ವಿಚಾರಿಸಿ.

ನೀರು ಹೀಗಿದ್ದರೆ ಏನು ಮಾಡೋದು?

ಆರ್‌ಎಸ್‌ಸಿ ಹೆಚ್ಚಿದ್ದರೆ ಜಿಪ್ಸಂ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತೆ. ಒಂದು ಎಕರೆ-ಇಂಚು ನೀರಿನ ಆರ್‌ಎಸ್‌ಸಿಯನ್ನು 1ರಷ್ಟು ಇಳಿಸೋಕೆ ಸುಮಾರು 8.8 ಕೆಜಿ ಶುದ್ಧ ಜಿಪ್ಸಂ ಬೇಕು. ನಮ್ಮ ಬೋರ್ ನೀರನ್ನು 4.5ರಿಂದ 1.5ಕ್ಕೆ ತರಬೇಕಾದರೆ 3ರಷ್ಟು ಇಳಿಸಬೇಕು, ಅಂದರೆ ಸುಮಾರು 26 ಕೆಜಿ. ಮಾರುಕಟ್ಟೆ ಜಿಪ್ಸಂ ಶೇ. 75 ಶುದ್ಧ ಅಂತ ಹಿಡಿದರೆ 35 ಕೆಜಿ. ಬೆಳೆಗೆ ಹತ್ತು ಇಂಚು ನೀರು ಬೇಕಿದ್ದರೆ ಎಕರೆಗೆ 350 ಕೆಜಿ, ಅಂದರೆ 50 ಕೆಜಿಯ ಏಳು ಮೂಟೆ. ಇದನ್ನು ಉಳುಮೆ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು, ಇಲ್ಲವೇ ನೀರನ್ನು ಜಿಪ್ಸಂ ಹೆಂಟೆ ತುಂಬಿದ ತೊಟ್ಟಿಯ ಮೂಲಕ ಹಾಯಿಸಬಹುದು. ಮಣ್ಣು ಈಗಾಗಲೇ ಚೌಳಾಗಿದ್ದರೆ ಇಷ್ಟು ಸಾಲದು, ಮಣ್ಣು ಪರೀಕ್ಷೆ ಮಾಡಿಸಿ ಬೇರೆ ಲೆಕ್ಕ ಹಾಕಬೇಕು. ಹಸಿರೆಲೆ ಗೊಬ್ಬರ, ಕೊಟ್ಟಿಗೆ ಗೊಬ್ಬರ ಜೊತೆಗೆ ಇರಲಿ. ಇನ್ನೊಂದು ಮಾತು, ಜಿಪ್ಸಂ ಹಾಕಿದ ಮಾತ್ರಕ್ಕೆ ನೀರು ಕುಡಿಯೋಕೆ ಯೋಗ್ಯ ಆಗಲ್ಲ.

ಬಾವಿ ಇದ್ದರೆ ಬೆರೆಸಿ. ಗಡಸು ನೀರಿನಲ್ಲಿ ಬೋರ್‌ಗೆ ಬೇಕಾದ ಕ್ಯಾಲ್ಸಿಯಂ ಇದೆ! ಎರಡು ಭಾಗ ಬೋರ್ ನೀರಿಗೆ ಒಂದು ಭಾಗ ಬಾವಿ ನೀರು ಬೆರೆಸಿದರೆ ಆರ್‌ಎಸ್‌ಸಿ 4.5ರಿಂದ ಸುಮಾರು 1.4ಕ್ಕೆ ಇಳಿಯುತ್ತೆ. ಸಮಸಮ ಬೆರೆಸಿದರೆ ಆರ್‌ಎಸ್‌ಸಿ ಉಳಿಯೋದೇ ಇಲ್ಲ. ಕೃಷಿ ಹೊಂಡ ಅಥವಾ ತೊಟ್ಟಿ ಇರೋರಿಗೆ ಇದು ಹೆಚ್ಚು ಖರ್ಚಿಲ್ಲದ ದಾರಿ. ಬೆರೆಸಿದಾಗ ಸ್ವಲ್ಪ ಸುಣ್ಣ ಕೂರುತ್ತೆ, ಡ್ರಿಪ್ ಇದ್ದರೆ ಲ್ಯಾಟರಲ್ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತಾ ನೋಡ್ತಾ ಇರಿ. ಕುಡಿಯೋಕೆ ಮಾತ್ರ ಈ ಉಪಾಯ ನಡೆಯಲ್ಲ. ಸಮಸಮ ಬೆರೆಸಿದರೂ ಫ್ಲೋರೈಡ್ 1.5ರ ಅಂಚಿನಲ್ಲಿ, ನೈಟ್ರೇಟ್ 65ರಲ್ಲಿ ನಿಲ್ಲುತ್ತೆ.

ನೈಟ್ರೇಟ್ ಇದ್ದರೆ ಗೊಬ್ಬರದಲ್ಲಿ ಕಳೆಯಿರಿ. ಮನೆಗೆ ವಿಷವಾದ ನೈಟ್ರೇಟ್ ಬೆಳೆಗೆ ಸಾರಜನಕ. ಬಾವಿಯ 124 ಮಿಲಿಗ್ರಾಂ ನೈಟ್ರೇಟ್‌ನಲ್ಲಿ 28 ಮಿಲಿಗ್ರಾಂ ಸಾರಜನಕ ಇದೆ. ಒಂದು ಎಕರೆ-ಇಂಚು ನೀರು ಸುಮಾರು 2.9 ಕೆಜಿ ಸಾರಜನಕ ತರುತ್ತೆ. ಎಂಟು ಸಲ ಹಾಯಿಸಿದರೆ 23 ಕೆಜಿ. 45 ಕೆಜಿ ಯೂರಿಯಾ ಮೂಟೆಯಲ್ಲಿ ಇರೋದು 20.7 ಕೆಜಿ. ಅಂದರೆ ಎಕರೆಗೆ ಒಂದು ಮೂಟೆ ಯೂರಿಯಾದಷ್ಟು ಸಾರಜನಕ ನೀರಿನಲ್ಲೇ ಬರ್ತಾ ಇದೆ. ಅದನ್ನು ಲೆಕ್ಕಕ್ಕೆ ಹಿಡಿದು ಯೂರಿಯಾ ಕಡಿಮೆ ಮಾಡಿದರೆ ದುಡ್ಡೂ ಉಳಿಯುತ್ತೆ, ಬಾವಿಗೆ ಮತ್ತೆ ನೈಟ್ರೇಟ್ ಇಳಿಯೋದೂ ಕಮ್ಮಿ ಆಗುತ್ತೆ.

ಕುಡಿಯೋಕೆ ಬೇರೆ ದಾರಿ ಹುಡುಕಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೀತಾ ಇದ್ದರೆ ಅದರ ನೀರು ಬಳಸಿ. ಆದರೆ ಘಟಕದಿಂದ ಹೊರಬರೋ ನೀರನ್ನೂ ಪರೀಕ್ಷೆ ಮಾಡಿಸಿ, ಹಳೇ ಮೆಂಬ್ರೇನ್ ಇದ್ದರೆ ಫ್ಲೋರೈಡ್ ಪೂರ್ತಿ ತಡೆಯಲ್ಲ. ಬಹಳ ಮನೆಗಳಲ್ಲಿ ಕುಡಿಯೋಕೆ ಕ್ಯಾನ್ ನೀರು, ಅಡುಗೆಗೆ ಬೋರ್ ನೀರು. ಅನ್ನ, ಸಾರು, ಮುದ್ದೆ, ಕಾಫಿ ಎಲ್ಲದರ ಮೂಲಕವೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತೆ. ಅಡುಗೆಗೂ ಒಳ್ಳೆ ನೀರೇ ಬೇಕು.

ಮನೆಯಲ್ಲಿ ಆರ್‌ಒ ಇದ್ದರೆ ಅದು ಹೊರಬಿಡೋ ನೀರಿನಲ್ಲಿ ಉಪ್ಪು, ಫ್ಲೋರೈಡ್ ಎರಡೂ ಇನ್ನೂ ಗಟ್ಟಿಯಾಗಿರುತ್ತೆ. ಅದನ್ನು ಕೈತೋಟಕ್ಕೂ ಬಾವಿಗೂ ಬಿಡಬೇಡಿ, ನೆಲ ಒರೆಸೋಕೆ, ಶೌಚಾಲಯಕ್ಕೆ ಬಳಸಿ.

ಇದಕ್ಕಿಂತ ನನಗೆ ಹೆಚ್ಚು ನಂಬಿಕೆ ಇರೋದು ಮಳೆನೀರಿನ ಮೇಲೆ. 1000 ಚದರ ಅಡಿ ತಾರಸಿ, ವರ್ಷಕ್ಕೆ 600 ಮಿ.ಮೀ. ಮಳೆ, ಅದರಲ್ಲಿ ಶೇ. 80 ಸಿಕ್ಕಿತು ಅಂದುಕೊಂಡರೂ ಸುಮಾರು 44 ಸಾವಿರ ಲೀಟರ್. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 35 ಲೀಟರ್ ಅಂತ ಹಿಡಿದರೆ ವರ್ಷಕ್ಕೆ 13 ಸಾವಿರ ಲೀಟರ್ ಒಳಗೇ ಸಾಕು. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಸೋಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ಇಟ್ಟು, ಕುದಿಸಿ ಕುಡಿಯಬಹುದು. ಅದರಲ್ಲಿ ಬಂಡೆಯ ಫ್ಲೋರೈಡ್ ಇರೋದೇ ಇಲ್ಲ.

ನೀರು ತುಂಬಿಸೋದು, ಕೊಡೋದು

ಬೋರ್ ಆನ್ ಮಾಡಿ 15-20 ನಿಮಿಷ ಓಡಲಿ. ಪೈಪಿನಲ್ಲಿ ನಿಂತ ನೀರು ಹೋಗಿ ನೆಲದ ನೀರು ಬರಬೇಕು. ಓವರ್‌ಹೆಡ್ ಟ್ಯಾಂಕಿನಿಂದ ಹಿಡಿಯಬೇಡಿ. ಒಂದು ಲೀಟರಿನ ಕುಡಿಯೋ ನೀರಿನ ಖಾಲಿ ಬಾಟ್ಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಿರಿ, ಸೋಪು ಬೇಡ. ಗಾಳಿ ಉಳಿಯದ ಹಾಗೆ ಅಂಚಿನವರೆಗೆ ತುಂಬಿಸಿ ಮುಚ್ಚಿ. ಹೆಸರು, ಸರ್ವೆ ನಂಬರ್, ಬೋರ್ ಆಳ, ತಾರೀಖು, ಬೆಳೆ ಬರೆದು ಅಂಟಿಸಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಬಿಸಿಲಿಗೆ ಇಡದೆ ಆದಷ್ಟು ಅವತ್ತೇ ಅಥವಾ ಮಾರನೇ ದಿನ ಲ್ಯಾಬ್‌ಗೆ ಕೊಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ಲ್ಯಾಬ್‌ನವರೇ ಕೊಡೋ ಶುದ್ಧ ಬಾಟ್ಲಿ ಬೇಕು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು.

ಎಲ್ಲಿ ಕೊಡೋದು? ಕುಡಿಯೋ ನೀರಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಲ್ಯಾಬ್. ಬೆಳೆಯ ನೀರಿಗೆ ನಿಮ್ಮ ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ವಿಶ್ವವಿದ್ಯಾಲಯದ ಲ್ಯಾಬ್. ಜಲ ಜೀವನ್ ಮಿಷನ್ ಅಡಿಯಲ್ಲಿ ಊರಿನ ಮಹಿಳೆಯರಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸೋ ತರಬೇತಿ ಕೊಡ್ತಾರೆ, ಪಂಚಾಯಿತಿಯಲ್ಲಿ ವಿಚಾರಿಸಿ. ಕಿಟ್‌ನಲ್ಲಿ ಬಣ್ಣ ನೋಡಿ ಅಂದಾಜು ಸಿಗುತ್ತೆ, ಖಚಿತ ಅಂಕಿಗೆ ಲ್ಯಾಬ್ ಬೇಕು.

ನಾನು ನೋಡಿರೋ ರಿಪೋರ್ಟ್‌ಗಳಲ್ಲಿ ಒಂದು ಕೊರತೆ ಪದೇ ಪದೇ ಕಾಣುತ್ತೆ. ಕುಡಿಯೋ ನೀರಿನ ರಿಪೋರ್ಟ್‌ನಲ್ಲಿ ಸೋಡಿಯಂ ಇರಲ್ಲ, ಬೆಳೆ ನೀರಿನ ರಿಪೋರ್ಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್ ಇರಲ್ಲ. ಒಂದನ್ನು ಮಾಡಿಸಿ ಎರಡೂ ಆಯ್ತು ಅಂದುಕೊಳ್ಳೋದು ಬೇಡ. ಬಾಟ್ಲಿ ಕೊಡೋವಾಗಲೇ ಹೀಗೆ ಕೇಳಿ: ಪಿಎಚ್, ಇಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಒಟ್ಟು ಕ್ಷಾರತೆ, ಒಟ್ಟು ಗಡಸುತನ, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ. ಡ್ರಿಪ್ ಇರೋರಿಗೆ ಕಬ್ಬಿಣ ಮುಖ್ಯ, 1.5 ಮಿಲಿಗ್ರಾಂ ದಾಟಿದರೆ ಡ್ರಿಪ್ಪರ್ ಕಟ್ಟಿಕೊಳ್ಳೋದು ಬಹಳ ಹೆಚ್ಚು.

ವರ್ಷಕ್ಕೆ ಎರಡು ಸಲ ಮಾಡಿಸಿದರೆ ಚೆನ್ನ, ಮಳೆಗೆ ಮೊದಲು ಮೇ ತಿಂಗಳಲ್ಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ. ಬೋರ್ ಇನ್ನೂ ಆಳ ಮಾಡಿಸಿದರೆ, ಹೊಸ ಬೋರ್ ಕೊರೆಸಿದರೆ, ಹತ್ತಿರದ ಕೆರೆ ತುಂಬಿದರೆ ಮತ್ತೆ ಮಾಡಿಸಿ. ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೆರೆಗಳಿಗೆ ಬರ್ತಾ ಇದೆ. ಅಂಥ ಕೆರೆಗಳ ಸುತ್ತ ಬಾವಿಯಲ್ಲಿ ನೀರು ಏರಿದ್ದರೆ ಹಳೇ ರಿಪೋರ್ಟ್ ಈಗ ಲೆಕ್ಕಕ್ಕೆ ಬರಲ್ಲ. ಪ್ರತಿ ರಿಪೋರ್ಟ್‌ನ ಫೋಟೋವನ್ನು ಫೋನಿನಲ್ಲಿ ಒಂದೇ ಫೋಲ್ಡರ್‌ನಲ್ಲಿ ಇಡಿ, ಮೂರ್ನಾಲ್ಕು ವರ್ಷದ್ದು ಸೇರಿದರೆ ನೀರು ಯಾವ ಕಡೆ ಹೋಗ್ತಾ ಇದೆ ಅಂತ ನಿಮಗೇ ಕಾಣುತ್ತೆ.

ನಿಮ್ಮ ಹತ್ತಿರ ಈಗಾಗಲೇ ಹಳೇ ರಿಪೋರ್ಟ್ ಇದ್ದರೆ ಇವತ್ತೇ ಬೀರುವಿನಿಂದ ಹೊರಗೆ ತೆಗೆಯಿರಿ. ಮೂರೇ ಅಂಕಿ ನೋಡಿ. ಫ್ಲೋರೈಡ್ 1.5ಕ್ಕಿಂತ ಹೆಚ್ಚಿದೆಯಾ? ನೈಟ್ರೇಟ್ 45 ದಾಟಿದೆಯಾ? ಕ್ಷಾರತೆಯಿಂದ ಗಡಸುತನ ಕಳೆದರೆ 125ಕ್ಕಿಂತ ಹೆಚ್ಚು ಉಳಿಯುತ್ತಾ? ಮೊದಲ ಎರಡರಲ್ಲಿ ಯಾವುದಕ್ಕಾದರೂ "ಹೌದು" ಅಂತ ಬಂದರೆ ಇವತ್ತಿನ ಅಡುಗೆಗೇ ಬೇರೆ ನೀರು ಹುಡುಕಿ. ಮೂರನೆಯದಕ್ಕೆ "ಹೌದು" ಅಂತ ಬಂದರೆ ಮುಂದಿನ ಬೆಳೆಗೆ ಉಳುಮೆ ಮಾಡೋ ಮೊದಲೇ ಜಿಪ್ಸಂ ಲೆಕ್ಕ ಹಾಕಿಕೊಳ್ಳಿ.